ಡಿವಿಷನ್ ಒನ್ ಬಿಟ್ಟು ಕಮ್ಯುನಿಟಿ ಕಾಲೇಜು: ಮಗನ ಬೇಸ್‌ಬಾಲ್‌ಗಾಗಿ ನಾವು ಮಾಡಿದ ಆಯ್ಕೆ

ನಮ್ಮ ಮಗ 2022ರಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲು ಮುಗಿಸಿದಾಗ ಅವನ ಮುಂದೆ ಎರಡು ದಾರಿಗಳಿದ್ದವು. ಹೊರರಾಜ್ಯದ ಒಂದು ವಿಶ್ವವಿದ್ಯಾಲಯವು ತನ್ನ ಡಿವಿಷನ್ ಒನ್ (ಅಮೆರಿಕದ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಬೇಸ್‌ಬಾಲ್ ತಂಡದಲ್ಲಿ ಪಿಚರ್ (ಚೆಂಡು ಎಸೆಯುವವನು) ಸ್ಥಾನವನ್ನೂ ಖರ್ಚಿನ ಕಾಲು ಭಾಗದಷ್ಟು ಸ್ಕಾಲರ್‌ಶಿಪ್ಪನ್ನೂ ಕೊಡುವುದಾಗಿ ಹೇಳಿತ್ತು. ಇನ್ನೊಂದು, ಮನೆಯಿಂದಲೇ ಓಡಾಡಬಹುದಾದ, ಜೂನಿಯರ್ ಕಾಲೇಜು ಎಂದೂ ಕರೆಯುವ ಎರಡು ವರ್ಷದ ಕಮ್ಯುನಿಟಿ ಕಾಲೇಜು. ನಾವು ಎರಡನೆಯದನ್ನು ಆರಿಸಿಕೊಂಡೆವು. ಇಲ್ಲಿನ ಕನ್ನಡ ಕುಟುಂಬಗಳ ತಂದೆತಾಯಂದಿರು ಈ ಬಗ್ಗೆ ಆಗಾಗ ವಿಚಾರಿಸುವುದರಿಂದ, ಆ ತೀರ್ಮಾನಕ್ಕೆ ಬಂದ ಬಗೆಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕಾಲು ಭಾಗದ ಅರ್ಥವನ್ನು ತಿಳಿದುಕೊಳ್ಳಬೇಕಾಯಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಘಟನೆಯಾದ ಎನ್‌ಸಿಎಎಯ ಆಗಿನ ನಿಯಮದಂತೆ ಒಂದು ಡಿವಿಷನ್ ಒನ್ ಬೇಸ್‌ಬಾಲ್ ತಂಡಕ್ಕೆ ಇದ್ದದ್ದು ಒಟ್ಟು 11.7 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣ, ಅದನ್ನು ಹಲವು ಆಟಗಾರರಿಗೆ ಹಂಚಬಹುದಿತ್ತು, ಹಂಚುವಾಗ ಒಬ್ಬೊಬ್ಬರಿಗೂ ಕನಿಷ್ಠ ಶೇ. 25ರಷ್ಟು ಕೊಡಬೇಕಿತ್ತು. ಅಂದರೆ ನಮ್ಮ ಮಗನಿಗೆ ಸಿಕ್ಕಿದ್ದು ನಿಯಮವು ಒಪ್ಪುವ ಅತ್ಯಂತ ಕಡಿಮೆ ಪಾಲು. ಇದರಲ್ಲಿ ಅವಮಾನವೇನೂ ಇರಲಿಲ್ಲ, ಆದರೆ ತಂಡದ ಲೆಕ್ಕಾಚಾರದಲ್ಲಿ ಅವನ ಸ್ಥಾನ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಬೇಕಿರಲಿಲ್ಲ.

ಕಾಲವೂ ಹೊಸಬರಿಗೆ ಅನುಕೂಲವಾಗಿರಲಿಲ್ಲ. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಪಂದ್ಯಗಳು ನಿಂತುಹೋದಾಗ ಎನ್‌ಸಿಎಎ ಆ ಋತುವಿನ ಆಟಗಾರರಿಗೆಲ್ಲ ಇನ್ನೊಂದು ವರ್ಷ ಆಡುವ ಅರ್ಹತೆ ಕೊಟ್ಟಿತ್ತು. 2021ರಿಂದ ಆಟಗಾರರು ಒಂದು ವರ್ಷ ಕಾಯದೆಯೇ ಮೊದಲ ಬಾರಿ ವಿಶ್ವವಿದ್ಯಾಲಯ ಬದಲಿಸಬಹುದಾಯಿತು. ವೃತ್ತಿಪರ ಲೀಗ್‌ನ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಕೂಡ 40 ಸುತ್ತುಗಳಿಂದ 20ಕ್ಕೆ ಇಳಿದು, ಹಿಂದಾಗಿದ್ದರೆ ಹೈಸ್ಕೂಲಿನಿಂದಲೇ ಅತ್ತ ಹೋಗುತ್ತಿದ್ದ ಕೆಲವು ಹುಡುಗರೂ ಕಾಲೇಜಿಗೇ ಬರತೊಡಗಿದರು. ಇಪ್ಪತ್ತಮೂರು ವರ್ಷದ, ಮೈಕೈ ತುಂಬಿಕೊಂಡ, ನಾಲ್ಕು ಋತು ಆಡಿ ಪಳಗಿದ ಪಿಚರ್ ಕೈಗೆ ಸಿಗುವಾಗ ಕೋಚ್ ಹದಿನೆಂಟರ ಹುಡುಗನ ಕೈಗೆ ಚೆಂಡು ಕೊಡುವುದು ಕಷ್ಟ.

ಇದು ಬರೀ ಊಹೆಯೇ ಎಂದು ಪರೀಕ್ಷಿಸಲು ನಾನೂ ಮಗನೂ ಆ ತಂಡದ ರೋಸ್ಟರ್ (ಆಟಗಾರರ ಪಟ್ಟಿ) ತೆರೆದು ಕುಳಿತೆವು. ಪ್ರತಿ ಪಿಚರ್‌ನ ಹೆಸರಿನ ಎದುರು ಅವನು ಯಾವ ವರ್ಷದವನು, ಹಿಂದೆ ಎಲ್ಲಿ ಓದಿದ್ದ, ಕಳೆದ ಋತುವಿನಲ್ಲಿ ಎಷ್ಟು ಇನಿಂಗ್ಸ್ ಎಸೆದಿದ್ದ ಎಂಬುದನ್ನು ಹಾಳೆಯೊಂದರಲ್ಲಿ ಬರೆದುಕೊಂಡೆವು. ಮೊದಲ ವರ್ಷದವರಲ್ಲಿ ಹೆಚ್ಚಿನವರ ಇನಿಂಗ್ಸ್ ಬೆರಳೆಣಿಕೆಯಷ್ಟಿತ್ತು, ಅದೂ ಬಹುಪಾಲು ಮಂಗಳವಾರದ ಪಂದ್ಯಗಳಲ್ಲಿ. ಡಿವಿಷನ್ ಒನ್‌ನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುವ ಮೂರು ಪಂದ್ಯಗಳ ಸರಣಿಯೇ ಮುಖ್ಯ; ವಾರದ ನಡುವಿನ ಪಂದ್ಯದಲ್ಲಿ ಹೊಸಬರನ್ನು ಪರೀಕ್ಷಿಸುವುದು ವಾಡಿಕೆ. ಆದರೆ ಹಿಂದಿನ ಕಾಲೇಜಿನ ಅಂಕಣ ನೋಡಿದಾಗ ಮಗ ಥಟ್ಟನೆ ತಲೆಯೆತ್ತಿ, “ಅಮ್ಮ, ವಾರಾಂತ್ಯದಲ್ಲಿ ಎಸೆಯುವವರಲ್ಲಿ ಇಷ್ಟೊಂದು ಜನ ಜೂನಿಯರ್ ಕಾಲೇಜಿನಿಂದಲೇ ಬಂದಿದ್ದಾರಲ್ಲ!” ಎಂದ. ನಮ್ಮ ಮನೆಯ ಚರ್ಚೆ ಆ ಸಂಜೆಗೇ ಮುಕ್ಕಾಲು ಪಾಲು ಮುಗಿಯಿತು. ಅದೇ ಮೈದಾನಕ್ಕೆ ಎರಡು ವರ್ಷ ಆಡಿ ಬಲಿತು ಹೋಗುವ ದಾರಿ ಇರುವಾಗ, ಎರಡು ವರ್ಷ ಬೆಂಚಿನ ಮೇಲೆ ಕೂರುವ ದಾರಿಗೆ ದುಡ್ಡು ತೆರುವುದೇಕೆ?

ದುಡ್ಡಿನ ಮಾತೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದರೆ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಓದನ್ನು ಅಳೆಯುವ ಒಂದು ಕ್ರೆಡಿಟ್‌ಗೆ) 46 ಡಾಲರ್ ಮಾತ್ರ. ಬೇರೆ ಬಹುತೇಕ ರಾಜ್ಯಗಳ ಜೂನಿಯರ್ ಕಾಲೇಜುಗಳು ಎನ್‌ಜೆಸಿಎಎ ಎಂಬ ಪ್ರತ್ಯೇಕ ಸಂಘಟನೆಗೆ ಸೇರಿದವು. ಅಲ್ಲಿಯ ಮೊದಲ ಡಿವಿಷನ್‌ನ ಕಾಲೇಜುಗಳು ವಸತಿ, ಊಟ ಸೇರಿ ಪೂರ್ಣ ಸ್ಕಾಲರ್‌ಶಿಪ್ಪನ್ನೂ ಕೊಡಬಲ್ಲವು. ಟೆಕ್ಸಾಸ್ ಕಡೆಯ ಕುಟುಂಬಗಳ ಲೆಕ್ಕ ಆದ್ದರಿಂದ ನಮ್ಮದಕ್ಕಿಂತ ಬೇರೆಯೇ ಆಗಬಹುದು.

ಡ್ರಾಫ್ಟ್‌ನ ಆಸೆಯಿಂದ ಜೂನಿಯರ್ ಕಾಲೇಜಿಗೆ ಹೋಗುವವರೂ ಇದ್ದಾರೆ. ನಾಲ್ಕು ವರ್ಷದ ಕಾಲೇಜು ಸೇರಿದವರು ಮೂರನೆಯ ವರ್ಷ ಮುಗಿಯುವವರೆಗೆ ಅಥವಾ 21 ವರ್ಷ ತುಂಬುವವರೆಗೆ ಕಾಯಬೇಕು. ಎರಡು ವರ್ಷದ ಕಾಲೇಜಿನವರಿಗೆ ಆ ಕಟ್ಟುಪಾಡಿಲ್ಲ. ಮುಂದೆ ವೃತ್ತಿಪರ ಬೇಸ್‌ಬಾಲ್‌ನ ದೊಡ್ಡ ತಾರೆಯಾದ ಆಲ್ಬರ್ಟ್ ಪುಹೋಲ್ಸ್ ಮಿಸೌರಿಯ ಮೇಪಲ್ ವುಡ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಆಡಿ 1999ರಲ್ಲಿ ಹದಿಮೂರನೆಯ ಸುತ್ತಿನಲ್ಲಿ ಆಯ್ಕೆಯಾದವರು. ಇನ್ನೊಬ್ಬ ತಾರೆ ಬ್ರೈಸ್ ಹಾರ್ಪರ್ 2010ರಲ್ಲಿ ಕಾಲೇಜ್ ಆಫ್ ಸದರ್ನ್ ನೆವಾಡಾದಿಂದ ಆ ವರ್ಷದ ಮೊಟ್ಟಮೊದಲ ಆಯ್ಕೆಯಾಗಿ ಹೊರಬಂದರು. ಇವು ಅಪರೂಪದ ಪ್ರತಿಭೆಗಳು. ನಮ್ಮ ಗುರಿ ಪದವಿ ಮತ್ತು ಆಟ ಎರಡೂ ಆಗಿತ್ತು.

ಆದ್ದರಿಂದಲೇ ನಾನು ಅತಿ ಹೆಚ್ಚು ಗಮನ ಕೊಟ್ಟದ್ದು ಓದಿನ ಪಟ್ಟಿಗೆ. ಜೂನಿಯರ್ ಕಾಲೇಜಿಗೆ ಹೋದ ಎಷ್ಟೋ ಹುಡುಗರಿಗೆ ದಾರಿ ಮುಚ್ಚುವುದು ಆಟದಿಂದಲ್ಲ, ತಪ್ಪು ವಿಷಯಗಳ ಆಯ್ಕೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರನೆಯ ವರ್ಷಕ್ಕೆ ಡಿವಿಷನ್ ಒನ್ ಸೇರುವವನು ತಾನು ಆರಿಸಿಕೊಂಡ ಪದವಿಯ ಶೇ. 40ರಷ್ಟನ್ನು ಆಗಲೇ ಮುಗಿಸಿರಬೇಕು, ಸರಾಸರಿ ಅಂಕ 4ಕ್ಕೆ 2.5ಕ್ಕಿಂತ ಕೆಳಗಿರಕೂಡದು. ಯಾವ ಕಮ್ಯುನಿಟಿ ಕಾಲೇಜಿನ ಯಾವ ತರಗತಿಯನ್ನು ರಾಜ್ಯದ ಯಾವ ಸರ್ಕಾರಿ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂಬುದನ್ನು ‘ಅಸಿಸ್ಟ್’ ಎಂಬ ಜಾಲತಾಣ ತೋರಿಸುತ್ತದೆ. ಪ್ರತಿ ಸೆಮಿಸ್ಟರ್‌ನ ನೋಂದಣಿಗೆ ಮುಂಚೆ ನಾವು ಅದನ್ನು ಮುದ್ರಿಸಿಕೊಂಡು ಕೌನ್ಸೆಲರ್ ಎದುರು ಕೂತು ಒಂದೊಂದೇ ವಿಷಯಕ್ಕೆ ಗುರುತು ಹಾಕಿಸಿಕೊಂಡೆವು.

ಕಮ್ಯುನಿಟಿ ಕಾಲೇಜಿನ ಆಟ ಸುಖದ ಬದುಕಲ್ಲ. ಆಯ್ಕೆಗೆ ಬಂದ ಹುಡುಗರ ಸಂಖ್ಯೆ ತಂಡದಲ್ಲಿರುವ ಸ್ಥಾನಗಳಿಗಿಂತ ಬಹಳ ಹೆಚ್ಚಿತ್ತು, ಮಳೆ ಬಂದರೆ ಮೈದಾನದ ಮೇಲೆ ಟಾರ್ಪಾಲು ಎಳೆಯುವವರೂ, ಪಂದ್ಯ ಮುಗಿದ ಮೇಲೆ ಪಿಚರ್ ನಿಲ್ಲುವ ದಿಬ್ಬದ ಗುಂಡಿಗಳಿಗೆ ಜೇಡಿಮಣ್ಣು ತುಂಬಿ ತಟ್ಟುವವರೂ ಆಟಗಾರರೇ. ಆದರೆ ಅಲ್ಲಿ ಅವನಿಗೆ ಚೆಂಡು ಸಿಕ್ಕಿತು. ಮೊದಲ ವಸಂತದ ಒಂದು ಪಂದ್ಯದ ಐದನೆಯ ಇನಿಂಗ್ಸ್‌ನಲ್ಲಿ ಎರಡು ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾಗ ಕೋಚ್ ದಿಬ್ಬದವರೆಗೆ ನಡೆದು ಬಂದು ಎರಡು ಮಾತಾಡಿ, ಅವನನ್ನು ಬದಲಿಸದೆ ಹಿಂದಿರುಗಿದರು. ಆಗಷ್ಟೇ ಕಲಿಯುತ್ತಿದ್ದ ಚೇಂಜ್‌ಅಪ್ (ವೇಗದ ಎಸೆತದಂತೆ ಕಂಡು ನಿಧಾನವಾಗಿ ಬರುವ) ಎಸೆತವನ್ನು ಅವನು ಅಂದು ಸತತ ಎರಡು ಬಾರಿ ಎಸೆದ. ಇಂಥ ಇಕ್ಕಟ್ಟಿನಲ್ಲಿ ಎಸೆಯುವ ಧೈರ್ಯ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಜಾಗದಲ್ಲಿ, ಮಾಡುವ ಅಭ್ಯಾಸದಿಂದ ಬರುವುದಿಲ್ಲ. ಎರಡು ವರ್ಷದ ನಂತರ ರಾಜ್ಯದೊಳಗಿನ ಡಿವಿಷನ್ ಒನ್ ತಂಡವೊಂದು ಅವನನ್ನು ಕರೆದುಕೊಂಡಿತು, ಉಳಿದ ಎರಡು ಋತುಗಳ ಅರ್ಹತೆಯೊಂದಿಗೆ.

ಈಗ ನಿಯಮಗಳು ಮತ್ತೆ ಬದಲಾಗಿವೆ. ಎನ್‌ಸಿಎಎ ಮತ್ತು ಆಟಗಾರರ ನಡುವಿನ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ಪ್ರಕಾರ, ಅದನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳಿಗೆ 11.7ರ ಮಿತಿ ಇಲ್ಲ, ಆದರೆ ತಂಡದಲ್ಲಿ 34ಕ್ಕಿಂತ ಹೆಚ್ಚು ಆಟಗಾರರಿರುವಂತಿಲ್ಲ. ಹಣ ಹೆಚ್ಚಾಗಬಹುದು, ಸ್ಥಾನ ಕಡಿಮೆಯಾಗಿದೆ. ಹಾಗಾಗಿ ಈ ವರ್ಷ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಸ್ಕಾಲರ್‌ಶಿಪ್ ಎಷ್ಟೆಂದು ಕೇಳುವ ಮುನ್ನ, ಮಗುವಿನ ಸ್ಥಾನ ಆ 34ರಲ್ಲಿ ಋತು ಆರಂಭವಾಗುವ ದಿನವೂ ಇರುತ್ತದೆಯೇ ಎಂದು ಕೋಚ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ, ಮತ್ತು ಕಳೆದ ವರ್ಷ ಅಲ್ಲಿ ಸೇರಿದ ಹೈಸ್ಕೂಲು ಹುಡುಗರು ಎಷ್ಟು ಇನಿಂಗ್ಸ್ ಆಡಿದರು ಎಂಬುದನ್ನು ನೀವೇ ಕೂತು ಲೆಕ್ಕ ಹಾಕಿ.