ಕೊಂಡದ್ದಕ್ಕಿಂತ ಹೆಚ್ಚು ಮಾರಿದ ವರ್ಷ

ಮೂಡಿಗೆರೆಯಲ್ಲಿ ನನ್ನದೊಂದು ಸಣ್ಣ ಕಾಫಿ ಖರೀದಿ ಅಂಗಡಿ ಇದೆ. ಎರಡೋ ಮೂರೋ ಎಕರೆಯ ಬೆಳೆಗಾರರು ಆಟೋದಲ್ಲಿ, ಜೀಪಿನಲ್ಲಿ ತರುವ ರೋಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ತೂಗಿ, ದುಡ್ಡು ಕೊಟ್ಟು, ಲೋಡು ತುಂಬಿದಾಗ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸುವುದು ನನ್ನ ಕೆಲಸ. ಅಂಗಡಿ ತೆರೆದ ದಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಅದರ ಕೆಳಗೆ ಒಂದು ಸಾಲು ಸೇರಿಸಿದ್ದೆ: ಯಾರದೇ ಒಂದು ಗ್ರಾಂ ಕಾಫಿಯೂ ನನ್ನಲ್ಲಿ ಉಳಿಯಬಾರದು.

ಆ ಸಾಲಿನ ಹಿಂದೆ ನನ್ನ ಅಪ್ಪ ಇದ್ದರು. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಬೆಳೆಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿತ್ತು, ದುಡ್ಡು ಕಂತುಗಳಲ್ಲಿ ಬರುತ್ತಿತ್ತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಗಿ, ಪೇಟೆಗಳಲ್ಲಿ ಖಾಸಗಿ ಖರೀದಿದಾರರು ಹುಟ್ಟಿಕೊಂಡರು. ಅಂದೇ ಕೈಗೆ ಹಣ ಸಿಗುವುದು ಅಪ್ಪನಿಗೆ ದೊಡ್ಡ ಸಮಾಧಾನವಾಗಿತ್ತು. ಆದರೆ ಮನೆಯಲ್ಲಿ ತೂಗಿ ಹೊಲಿದ ಚೀಲ ಅಂಗಡಿಯಲ್ಲಿ ಒಂದು ಕೆಜಿ ಕಡಿಮೆ ತೂಗಿದರೆ ಅವರು ಜಗಳ ಮಾಡುತ್ತಿರಲಿಲ್ಲ. ಬಸ್ಸು ಊರು ಮುಟ್ಟುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ಪಕ್ಕದ ಸೀಟಿನಲ್ಲಿ ನಾನಿರುತ್ತಿದ್ದೆ.

ಐದು ವರ್ಷ ನಾನು ಆ ಸಾಲಿನಂತೆಯೇ ನಡೆಯುತ್ತಿದ್ದೇನೆಂದು ಮನಸಾರೆ ನಂಬಿದ್ದೆ. ತಕ್ಕಡಿ ಎಲೆಕ್ಟ್ರಾನಿಕ್. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸುತ್ತಿದ್ದೆ. ಆರನೆಯ ವರ್ಷದ ಮಳೆಗಾಲದಲ್ಲಿ, ಕೆಲಸವಿಲ್ಲದ ಒಂದು ಮಧ್ಯಾಹ್ನ, ಖರೀದಿಯ ಪುಸ್ತಕವನ್ನೂ ಕ್ಯೂರಿಂಗ್ ವರ್ಕ್ಸಿನ ತೂಕದ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿದೆ. ಕೊಂಡದ್ದು 50 ಕೆಜಿಯ ಲೆಕ್ಕದಲ್ಲಿ 1,840 ಚೀಲ. ಮಾರಿದ್ದು 1,851 ಚೀಲ.

ಮೂರು ಸಲ ಕೂಡಿಸಿದೆ. ಗೋದಾಮಿನಲ್ಲಿ ಕೂತ ಕಾಫಿ ಒಣಗಿ ತೂಕ ಕಳೆದುಕೊಳ್ಳಬೇಕೇ ಹೊರತು ಹೆಚ್ಚಾಗಲು ಸಾಧ್ಯವಿಲ್ಲ. ಹನ್ನೊಂದು ಚೀಲ ಎಲ್ಲಿಂದ ಬಂತು?

ಉತ್ತರ ನನ್ನ ಕೈಯಲ್ಲೇ ಇತ್ತು. 48 ಕೆಜಿ 400 ಗ್ರಾಂ ಬಂದರೆ 48 ಎಂದು ಬರೆಯುವುದು ಪೇಟೆಯ ವಾಡಿಕೆ. ಪ್ಲಾಸ್ಟಿಕ್ ಚೀಲಕ್ಕೂ ಅರ್ಧ ಕೆಜಿ ಕಳೆಯುವುದು ವಾಡಿಕೆ. ಖಾಲಿ ಚೀಲವನ್ನು ತೂಗಿ ನೋಡಿದರೆ 150 ಗ್ರಾಂ ದಾಟಲಿಲ್ಲ. ಇಲಾಖೆಯ ಮುದ್ರೆ ಬಿದ್ದದ್ದು ಯಂತ್ರಕ್ಕೆ. ಅಂಕಿ ಬರೆದದ್ದು ನಾನು. ಯಾವ ರೈತನನ್ನೂ ವಂಚಿಸಬೇಕೆಂದು ಒಂದು ಕ್ಷಣವೂ ಯೋಚಿಸದೆ, ಅಪ್ಪನನ್ನು ಮೌನವಾಗಿಸಿದ್ದ ಕೆಲಸವನ್ನೇ ನಾನು ಐದು ವರ್ಷ ಮಾಡಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಹೆಚ್ಚಾಗಿ ಬಂದದ್ದು ಚೀಲಕ್ಕೆ ಸುಮಾರು 300 ಗ್ರಾಂ. ಒಣಗಿ ಕಳೆದದ್ದನ್ನೂ ಸೇರಿಸಬೇಕೆಂದು 400 ಎಂದು ಹಿಡಿದೆ. ಆ ವರ್ಷದ ಪುಸ್ತಕದಲ್ಲಿದ್ದ 63 ಮನೆಗಳಿಗೆ ಅವರವರ ಚೀಲಗಳಿಗೆ ತಕ್ಕಂತೆ ಹಣ ಲೆಕ್ಕ ಹಾಕಿ, ಮುಂದಿನ ಸುಗ್ಗಿಗೆ ಮೊದಲೇ ಕೊಟ್ಟು ಮುಗಿಸಿದೆ. ಹಿಂದಿನ ವರ್ಷಗಳ ಚೀಟಿಗಳು ಉಳಿದಿರಲಿಲ್ಲ. ಅದು ಇಂದಿಗೂ ತೀರಿಸಲಾಗದ ಸಾಲ. ಕೆಲವರು ಹಣ ಬೇಡವೆಂದರು. ಇನ್ನು ಕೆಲವರಿಗೆ, ಈ ಸಲದ ಬೆಳೆಯನ್ನು ಹಿಡಿದಿಡಲು ಮಾಡಿದ ಉಪಾಯವೇನೋ ಎಂಬ ಅನುಮಾನ. ಗೋಣಿಬೀಡು ಕಡೆಯ ಹಿರಿಯರೊಬ್ಬರು ನೋಟುಗಳನ್ನು ಎಣಿಸಿ ಜೇಬಿಗಿಟ್ಟುಕೊಂಡು ಕೇಳಿದರು: “ತೂಕದ್ದು ಸರಿ ಹೋಯಿತು ಸಾಹುಕಾರರೇ. ಔಟ್‌ಟರ್ನ್‌ದು?”

ಹೊರಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಚೆರ್ರಿಗೆ ಬೆಲೆ ಕಟ್ಟುವುದು ಬರೀ ತೂಕದ ಮೇಲಲ್ಲ, 50 ಕೆಜಿ ಚೀಲದಲ್ಲಿ ಸಿಪ್ಪೆ ಕಳೆದು ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದರ ಮೇಲೆ. 200 ಗ್ರಾಂ ಮಾದರಿಯನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರಿಗೆ ಹಾಕಿದಾಗ 104 ಗ್ರಾಂ ಬೀಜ ಬಂದರೆ ಔಟ್‌ಟರ್ನ್ 26. ಅದನ್ನು ಇಪ್ಪತ್ತೈದೂವರೆ ಎಂದರೆ ಚೀಲವೊಂದಕ್ಕೆ ಅರ್ಧ ಕೆಜಿ ಬೀಜದ ಹಣ ಹೋಯಿತು. ಇಪ್ಪತ್ತು ಚೀಲ ತಂದವನಿಗೆ ಹತ್ತು ಕೆಜಿ. ನನ್ನ ಅಂಗಡಿಯಲ್ಲಿ ಹಲ್ಲರ್ ಇದ್ದದ್ದು ಒಳಕೋಣೆಯಲ್ಲಿ. ಅನುಮಾನ ಬಂದಾಗಲೆಲ್ಲ ಕೆಳಗಿನ ಅಂಕಿಯನ್ನೇ ಹೇಳುತ್ತಿದ್ದೆ. ಉಳಿದ ಮಾದರಿ ನನ್ನ ಡಬ್ಬಿಗೆ ಹೋಗುತ್ತಿತ್ತು.

ಆ ಪ್ರಶ್ನೆಯ ಮುಂದೆ ನಿಂತಾಗ ಒಂದು ವಿಷಯ ಖಚಿತವಾಯಿತು. ಪುಸ್ತಕದ ಮೊದಲ ಪುಟದಲ್ಲಿರುವ ಸಾಲನ್ನು ನಾನೊಬ್ಬನೇ ಓದುತ್ತಿದ್ದೆ. ಅದು ಎದುರಿಗಿರುವವನ ಕಣ್ಣಿಗೂ ಬೀಳಬೇಕಿತ್ತು. ಹಲ್ಲರನ್ನು ಮುಂದಿನ ಜಗಲಿಗೆ ತಂದೆ. ಯಾವ ಚೀಲದಿಂದ ಮಾದರಿ ತೆಗೆಯಬೇಕೆಂದು ಬೆಳೆಗಾರನೇ ತೋರಿಸುತ್ತಾನೆ, ಉಳಿದ ಕಾಳನ್ನು ಅವನ ಚೀಲಕ್ಕೇ ಸುರಿಯುತ್ತೇವೆ. ತಕ್ಕಡಿಯ ಅಂಕಿಯ ಮುಖವನ್ನು ಅವನ ಕಡೆಗೆ ತಿರುಗಿಸಿದೆ. ಅಂಕಿ ಓದುವವನು ಈಗ ಅವನು, ಬರೆಯುವವನು ನಾನು. ಚೀಲಕ್ಕೆ ನನ್ನ ಲಾಭ ಎಷ್ಟೆಂದು ಹಲಗೆಯ ಮೇಲೆ ಬರೆದೆ. ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಜನ ಆ ಅಂಕಿಯನ್ನು ಹಿಡಿದೇ ಚೌಕಾಸಿ ಮಾಡಿದರು, ಇಬ್ಬರು ವ್ಯಾಪಾರಿ ಗೆಳೆಯರು ಅಂಗಡಿಗೆ ಬರುವುದನ್ನು ಬಿಟ್ಟರು. ಮಾಡಲಿ, ಬಿಡಲಿ, ಕದ್ದ ಗ್ರಾಂಗಳಿಗಿಂತ ಹೇಳಿ ತೆಗೆದುಕೊಂಡ ರೂಪಾಯಿ ಮೇಲು.

ಸತ್ಯ ಹೇಳುವುದೆಂದರೆ ಬೆಳೆಗಾರನಿಗೆ ಬೇಡವಾದದ್ದನ್ನೂ ಹೇಳಬೇಕು. ರೋಬಸ್ಟಾ ಚೆರ್ರಿಯಲ್ಲಿ ತೇವಾಂಶ ಶೇಕಡಾ 11 ದಾಟಬಾರದು. ಸ್ವಂತ ಚಿಕ್ಕಪ್ಪ ತಂದದ್ದು ಮೀಟರಿನಲ್ಲಿ 14 ತೋರಿಸಿತು. “ಚಿಕ್ಕಪ್ಪ, ಇದು ಇನ್ನೂ ಕಣದಲ್ಲಿರಬೇಕಿತ್ತು” ಎಂದೆ. “ನಿನ್ನ ಅಪ್ಪನ ತಮ್ಮನಿಗೂ ಮೀಟರೇನೋ?” ಎಂದು ಜೀಪು ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋದರು. ಮಾತು ಬಿಟ್ಟು ಎರಡು ವರ್ಷವಾಯಿತು. ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ, ಆದರೂ ಬೇರೆ ಏನು ಹೇಳಬಹುದಿತ್ತೆಂದು ನನಗೆ ಹೊಳೆದಿಲ್ಲ.

ಕಳೆದ ವರ್ಷದ ಲೆಕ್ಕದಲ್ಲಿ ಮೂರು ಚೀಲ ಕಡಿಮೆ ಬಿದ್ದಿತು. ಒಣಗಿ ಹೋದದ್ದು. ಆ ನಷ್ಟದ ಅಂಕಿಯನ್ನು ಹೆಂಡತಿಯನ್ನು ಕರೆದು ತೋರಿಸಿದೆ.

ಹಾಗೆಂದು ತಪ್ಪು ನಿಂತಿಲ್ಲ. ಈ ಫೆಬ್ರವರಿಯಲ್ಲಿ ಒಂದು ರಾತ್ರಿ ಎಂಟು ಗಂಟೆಗೆ, ಕರೆಂಟು ಹೋಗಿ ಬಂದು ಮಾಡುತ್ತಿದ್ದಾಗ, ಹೆಣ್ಣುಮಗಳೊಬ್ಬಳು ಆಟೋದಲ್ಲಿ ಹದಿನೆಂಟು ಚೀಲ ತಂದಳು. ಹೊಸ ಹುಡುಗ ತೂಗುತ್ತ ಗ್ರಾಂಗಳನ್ನು ಬಿಟ್ಟು ಬರೀ ಕೆಜಿ ಕೂಗುತ್ತಿದ್ದ. ಆಕೆ ಆಟೋದವನೊಂದಿಗೆ ಬಾಡಿಗೆಯ ಮಾತಿನಲ್ಲಿದ್ದಳು. ನನಗೆ ಕೇಳಿಸಿತು, ದಣಿದಿದ್ದೆ, ಬರೆದುಕೊಂಡೆ.

ಬೆಳಿಗ್ಗೆ ಗೋದಾಮಿನಲ್ಲಿ ಆ ಹದಿನೆಂಟನ್ನು ಬೇರೆ ಇಟ್ಟು ಮತ್ತೆ ತೂಗಿಸಿದೆ. ಏಳು ಕೆಜಿ 200 ಗ್ರಾಂ ಹೆಚ್ಚಿತ್ತು. ಹಣ ತೆಗೆದುಕೊಂಡು, ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಣಕಲ್ ದಾಟಿ ಆಕೆಯ ಮನೆಗೆ ಹೋದೆ. ಆಕೆ ಕಣದಲ್ಲಿ ಕಾಫಿ ಎಳೆಯುತ್ತಿದ್ದಳು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು, ಒಳ್ಳೆಯದೆಂದೂ ಕೆಟ್ಟದ್ದೆಂದೂ ಹೇಳಲಿಲ್ಲ. ಆಮೇಲೆ ಕಣದ ತುದಿಗೆ ಕೈ ತೋರಿಸಿದಳು.

“ಅಣ್ಣ, ಆ ಗುಡ್ಡೆಯನ್ನು ಚೀಲಕ್ಕೆ ಕಟ್ಟಬಹುದಾ, ನೋಡಿ ಹೇಳಿ.”

ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸಿದೆ. ಸಿಪ್ಪೆಯೊಳಗೆ ಬೀಜ ಇನ್ನೂ ಗಲಗಲ ಎನ್ನುತ್ತಿರಲಿಲ್ಲ.

“ಇನ್ನೆರಡು ಬಿಸಿಲು ಬೇಕು ತಂಗಿ” ಎಂದೆ.