ತಾಳಮದ್ದಳೆಯ ವಿಡಿಯೊಗಳನ್ನು ಮುಕ್ತ ಫಾರ್ಮ್ಯಾಟಿಗೆ ತಂದ ಬಗೆ

ನಮ್ಮ ಕಡೆಯ ತಾಳಮದ್ದಳೆ ಕೂಟಗಳನ್ನು ಕಲಾವಿದರ ಒಪ್ಪಿಗೆ ಪಡೆದು ಚಿತ್ರೀಕರಿಸಿ, ಯಾರು ಬೇಕಾದರೂ ಬಳಸಿಕೊಳ್ಳಲೆಂದು ವಿಕಿಪೀಡಿಯದ ಸೋದರ ಸಂಗ್ರಹತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಲು ಹೊರಟಾಗ ಎದುರಾದ ಮೊದಲ ತೊಡಕು ಕಡತದ್ದೇ ಆಗಿತ್ತು. ಕ್ಯಾಮೆರಾ ಕೊಡುತ್ತಿದ್ದುದು ಎಂಪಿ4. ಕಾಮನ್ಸ್ ಅದನ್ನು ಸ್ವೀಕರಿಸುತ್ತಿರಲಿಲ್ಲ. ಸ್ವೀಕರಿಸಬೇಕೇ ಎಂಬ ಪ್ರಶ್ನೆಯನ್ನು ವಿಕಿಮೀಡಿಯ ಫೌಂಡೇಶನ್ 2014ರಲ್ಲಿ ಸಮುದಾಯದ ಮುಂದಿಟ್ಟಾಗ ಸದಸ್ಯರು ಬೇಡವೆಂದಿದ್ದರು.

ಎಂಪಿ4 ಎಂಬುದು ಹೊರಗಿನ ಹೊದಿಕೆ ಮಾತ್ರ. ತಕರಾರು ಇದ್ದದ್ದು ಸಾಮಾನ್ಯವಾಗಿ ಅದರೊಳಗಿರುವ, ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಎಚ್.264 ಕೋಡೆಕ್‌ನ ಬಗ್ಗೆ. 2003ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದ ಇದರ ಮೇಲೆ ಹತ್ತಾರು ಕಂಪನಿಗಳ ಪೇಟೆಂಟ್‌ಗಳಿದ್ದು, ಅವುಗಳಲ್ಲಿ ಬಹುಪಾಲನ್ನು ಒಟ್ಟುಗೂಡಿಸಿ ಎಂಪೆಗ್ ಎಲ್‌ಎ ಎಂಬ ಸಂಸ್ಥೆ ಪರವಾನಗಿ ನೀಡುತ್ತಿತ್ತು. ನನ್ನ ಕ್ಯಾಮೆರಾದ ಕೈಪಿಡಿಯ ಕೊನೆಯ ಪುಟಗಳಲ್ಲಿ, ಬ್ಯಾಟರಿಯ ಎಚ್ಚರಿಕೆಗಳ ನಡುವೆ, ಈ ಪರವಾನಗಿ ಗ್ರಾಹಕರ ವೈಯಕ್ತಿಕ ಮತ್ತು ವಾಣಿಜ್ಯೇತರ ಬಳಕೆಗೆ ಎಂಬ ಒಕ್ಕಣೆ ಸಣ್ಣ ಅಕ್ಷರಗಳಲ್ಲಿತ್ತು. ಅಂತರಜಾಲದಲ್ಲಿ ಉಚಿತವಾಗಿ ನೋಡಸಿಗುವ ವಿಡಿಯೊಗಳಿಗೆ ಶುಲ್ಕ ಕೇಳುವುದಿಲ್ಲವೆಂದು ಎಂಪೆಗ್ ಎಲ್‌ಎ 2010ರಲ್ಲಿ ಪ್ರಕಟಿಸಿತು, ನಿಜ. ಆದರೆ ಆ ವಿಡಿಯೊ ತಯಾರಿಸುವ ಮತ್ತು ತೋರಿಸುವ ತಂತ್ರಾಂಶವನ್ನು ಹಂಚುವವರಿಗೆ ಆ ವಿನಾಯಿತಿ ಅನ್ವಯಿಸಲಿಲ್ಲ. ಮುಕ್ತ ತಂತ್ರಾಂಶ ಬರೆಯುವವರ ಕೈ ಕಟ್ಟಿದ್ದು ಇಲ್ಲಿಯೇ.

ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ತನ್ನಷ್ಟಕ್ಕೆ ಆವಿಷ್ಕಾರವಲ್ಲ, ಅಲ್ಗಾರಿದಂ ಕೂಡ ಅಲ್ಲ. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು. 2005ರಲ್ಲಿ ಸಂಸತ್ತು ಆ ಭಾಗವನ್ನು ಒಪ್ಪಲಿಲ್ಲ. ಹಾಗೆಂದು ನಾನು ನಿಶ್ಚಿಂತನಾಗುವಂತಿರಲಿಲ್ಲ, ಏಕೆಂದರೆ ಕೂಟ ನಡೆದದ್ದು ನಮ್ಮೂರಿನಲ್ಲಾದರೂ ಕಡತವನ್ನು ತೆರೆದು ನೋಡುವವರು ಅಮೆರಿಕದಲ್ಲೂ ಇರುತ್ತಾರೆ, ಅಲ್ಲಿಯ ಕಾನೂನು ಬೇರೆ.

ಮೊದಲು ಪ್ರಯತ್ನಿಸಿದ್ದು ಥಿಯೋರಾ ಎಂಬ ಮುಕ್ತ ಕೋಡೆಕ್. ಆನ್2 ಕಂಪನಿ 2001ರಲ್ಲಿ ಬಿಟ್ಟುಕೊಟ್ಟ ವಿಪಿ3ರಿಂದ ಬೆಳೆದ ಇದು 2008ರಲ್ಲಿ 1.0 ಆವೃತ್ತಿಯನ್ನು ತಲುಪುವ ಹೊತ್ತಿಗೇ ಹಳತಾಗಿತ್ತು. ಅರ್ಥಧಾರಿಯ ಹಿಂದಿನ ಗೋಡೆಯ ನೆರಳು ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ಗೂಗಲ್ ಆನ್2ವನ್ನು ಕೊಂಡು 2010ರಲ್ಲಿ ವಿಪಿ8ನ್ನು ಮುಕ್ತಗೊಳಿಸಿತು. ಅದರ ಮೇಲೂ ಪೇಟೆಂಟ್ ಹಕ್ಕುಳ್ಳವರು ಮುಂದೆ ಬರಲಿ ಎಂದು ಎಂಪೆಗ್ ಎಲ್‌ಎ ಕರೆ ಕೊಟ್ಟು, 2013ರಲ್ಲಿ ಇಬ್ಬರ ನಡುವೆ ಒಪ್ಪಂದವಾಯಿತು. ಕೊನೆಗೆ ನಾನು ನೆಲೆನಿಂತದ್ದು ವಿಪಿ8ರ ಮುಂದಿನ ಪೀಳಿಗೆಯಾದ ವಿಪಿ9ರಲ್ಲಿ.

ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಬಿಟ್‌ರೇಟನ್ನು (ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ಸೊನ್ನೆಗಿಟ್ಟು, ಗುಣಮಟ್ಟವನ್ನು ನಿಗದಿ ಮಾಡುವ ಸಿಆರ್‌ಎಫ್ ಮೌಲ್ಯವನ್ನು 31ರ ಆಸುಪಾಸಿನಲ್ಲಿ ಕೊಟ್ಟು, ಎರಡು ಸುತ್ತಿನಲ್ಲಿ ಪರಿವರ್ತಿಸುತ್ತೇನೆ. ತಾಳಮದ್ದಳೆಯಲ್ಲಿ ಕಲಾವಿದರು ಕುಳಿತೇ ಮಾತಾಡುವುದರಿಂದ ಚಿತ್ರದಲ್ಲಿ ಚಲನೆ ಕಡಿಮೆ, ಕಡತ ಚಿಕ್ಕದಾಗುತ್ತದೆ. ಕುಣಿತವಿರುವ ಬಯಲಾಟಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಧ್ವನಿಗೆ. ಬಿಟ್‌ರೇಟ್ ತೀರ ಇಳಿಸಿದರೆ ಚೆಂಡೆಯ ಪೆಟ್ಟು ಬೀಳುವ ಮುಂಚೆಯೇ ಅದರದೊಂದು ಮಸುಕು ಸದ್ದು ಕೇಳಿಸಿ ಪೆಟ್ಟಿನ ಮೊನೆ ಮೊಂಡಾಗುತ್ತದೆ. 2012ರಲ್ಲಿ ಮಾನದಂಡವಾದ ಓಪಸ್ ಕೋಡೆಕ್‌ನಲ್ಲಿ ಸೆಕೆಂಡಿಗೆ 128 ಕಿಲೊಬಿಟ್ ಕೊಟ್ಟ ಮೇಲೆ ನನ್ನ ಕಿವಿಗೆ ಆ ದೋಷ ಕೇಳಿಸಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚೆಂಡೆಯ ಭಾಗವನ್ನೇ ಪರೀಕ್ಷಿಸುವುದು ಒಳ್ಳೆಯದು, ಭಾಗವತರ ಪದ್ಯ ಕೇಳಿ ತೀರ್ಮಾನಿಸಬಾರದು.

2018ರಲ್ಲಿ ಬಂದ ಎವಿ1 ಎಂಬ ಮುಕ್ತ ಕೋಡೆಕ್ ಇನ್ನೂ ಚಿಕ್ಕ ಕಡತ ಕೊಡುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಒಂದು ಪ್ರಸಂಗದ ಪರಿವರ್ತನೆಗೆ ರಾತ್ರಿಯಿಡೀ ಸಾಲದು. ಮುಕ್ತ ಎಂದಾಕ್ಷಣ ಯಾರ ಹಕ್ಕೊತ್ತಾಯವೂ ಇಲ್ಲವೆಂದಲ್ಲ: ಸಿಸ್ವೆಲ್ ಸಂಸ್ಥೆ 2019ರಲ್ಲಿ ವಿಪಿ9 ಮತ್ತು ಎವಿ1ರ ಮೇಲೂ ಪೇಟೆಂಟ್ ಪೂಲ್, ಅಂದರೆ ಹಲವರ ಪೇಟೆಂಟ್‌ಗಳನ್ನು ಒಟ್ಟುಗೂಡಿಸಿ ಪರವಾನಗಿ ನೀಡುವ ಏರ್ಪಾಡು, ಪ್ರಕಟಿಸಿತು. ಆದರೂ ಎವಿ1ರ ಹಿಂದಿರುವ ಅಲಯನ್ಸ್ ಫಾರ್ ಓಪನ್ ಮೀಡಿಯಾದ ಪರವಾನಗಿಯಲ್ಲಿ, ಈ ಕೋಡೆಕ್‌ನ ಬಗ್ಗೆ ಪೇಟೆಂಟ್ ದಾವೆ ಹೂಡಿದವರು ತಮಗೆ ಸಿಕ್ಕ ಹಕ್ಕನ್ನೇ ಕಳೆದುಕೊಳ್ಳುವ ಷರತ್ತಿದೆ; ಅಷ್ಟು ರಕ್ಷಣೆ ನನಗೆ ಸಾಕು.

ಕ್ಯಾಮೆರಾದ ಮೂಲ ಕಡತಗಳನ್ನು ಅಳಿಸದೆ ಇಟ್ಟಿದ್ದೇನೆ, ಏಕೆಂದರೆ ವಿಪಿ9ರಿಂದ ಎವಿ1ಕ್ಕೆ ಹೋಗುವುದಕ್ಕಿಂತ ಮೂಲದಿಂದಲೇ ಹೋದರೆ ಗುಣಮಟ್ಟ ಉಳಿಯುತ್ತದೆ. ಎಂಪಿ3ರ ಪೇಟೆಂಟ್‌ಗಳು 2017ರ ಹೊತ್ತಿಗೆ ತೀರಿ ಕಾಮನ್ಸ್ ಅದಕ್ಕೆ ಅವಕಾಶ ಕೊಟ್ಟಂತೆ, ಎಚ್.264ರ ಪೇಟೆಂಟ್‌ಗಳೂ ಒಂದೊಂದಾಗಿ 20 ವರ್ಷದ ಅವಧಿ ಮುಗಿಸುತ್ತಿವೆ. ಅದು ಪೂರ್ತಿ ಬಿಡುಗಡೆಯಾದ ದಿನವೂ ನಾನು ಹಿಂದಿರುಗಲಾರೆ. ಅಷ್ಟೇ ಗುಣಮಟ್ಟಕ್ಕೆ ವಿಪಿ9 ಕಡಿಮೆ ಜಾಗ ಕೇಳುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲಿ ನೋಡುವವರಿಗೆ ಬೇಕಾದದ್ದು ಅದೇ.