ಟಿಕೆಟ್ ಎಷ್ಟು ದಿನ ಹಿಡಿಯುತ್ತೆ: ಜಿರಾದಿಂದಲೇ ಲೆಕ್ಕ ಹಾಕುವ ಬಗೆ

"ಯಾವಾಗ ಮುಗಿಯುತ್ತೆ?" ಎಂದು ಮ್ಯಾನೇಜರ್ ಕೇಳಿದಾಗ ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಟೀಮ್ ಕೊಡುವ ಅಂದಾಜು ಅಂಕ) ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಿರುವುದು ದಿನಗಳ ಲೆಕ್ಕ. ಅದು ನಿಮ್ಮ ಜಿರಾದಲ್ಲೇ ಇದೆ. ಟೀಮ್‌ನ ಒಂದೊಂದು ಕೆಲಸವನ್ನೂ ಒಂದು ಟಿಕೆಟ್ ಆಗಿ ಬೋರ್ಡ್‌ನ ಕಾಲಮ್‌ಗಳಲ್ಲಿ ತೋರಿಸುವ ಸಾಫ್ಟ್‌ವೇರ್ ಅದು.

ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮೊದಲು ಟೀಮ್‌ನಲ್ಲಿ ಮಾತಾಡಿಕೊಳ್ಳಿ. ಗ್ರಾಹಕರು ಕೇಳಿದ ದಿನದಿಂದ ಅವರ ಕೈ ಸೇರುವವರೆಗಿನದು ಲೀಡ್ ಟೈಮ್. ಕೆಲಸಕ್ಕೆ ಕೈ ಹಾಕಿದ ದಿನದಿಂದ ಎಣಿಸಿದರೆ ಸೈಕಲ್ ಟೈಮ್; ಇಲ್ಲಿ ಲೆಕ್ಕ ಹಾಕುವುದು ಇದನ್ನೇ. ಕೋಡ್ ಬರೆದಾದ ಕೂಡಲೇ ಟಿಕೆಟ್ಟನ್ನು 'ಡನ್'ಗೆ ಎಳೆಯುವ ಅಭ್ಯಾಸವಿದ್ದರೆ ಟೆಸ್ಟಿಂಗ್‌ಗೆ, ರಿಲೀಸ್‌ಗೆ ಕಾದ ದಿನಗಳು ಲೆಕ್ಕಕ್ಕೇ ಸಿಗುವುದಿಲ್ಲ. ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರ ಕೈಗೆ, ಹೋದ ದಿನವನ್ನೇ ಕೊನೆಯೆಂದು ಹಿಡಿಯಿರಿ.

ಈಚೆಗೆ ಮುಗಿದ 20 ಟಿಕೆಟ್ ಆರಿಸಿಕೊಳ್ಳಿ. ಪ್ರತಿಯೊಂದರ ಹಿಸ್ಟರಿ ತೆರೆದು, ಅದು ಮೊದಲ ಸಲ 'ಇನ್ ಪ್ರೋಗ್ರೆಸ್'ಗೆ ಬಂದ ದಿನ ಬರೆದುಕೊಳ್ಳಿ. ನಡುವೆ ಬ್ಲಾಕ್ ಆಗಿ ಹಿಂದಕ್ಕೆ ಹೋಗಿ ಬಂದಿದ್ದರೂ ಮೊದಲ ದಿನವೇ ಲೆಕ್ಕ. ಮುಗಿದ ದಿನಾಂಕದಲ್ಲಿ ಅದನ್ನು ಕಳೆದು 1 ಕೂಡಿಸಿ. ಬೆಳಿಗ್ಗೆ ಹಿಡಿದು ಸಂಜೆ ಮುಗಿಸಿದ್ದೂ ಒಂದು ದಿನವೇ ತಾನೆ. ಶನಿವಾರ, ಭಾನುವಾರ ಬಿಡಬೇಡಿ, ಕಾಯುವವರಿಗೆ ಅವೂ ದಿನಗಳೇ. ಬೋರ್ಡ್ ಸ್ವಚ್ಛ ಮಾಡಲೆಂದು ಒಟ್ಟಿಗೆ ಮುಚ್ಚಿದ ಹಳೆಯ ಟಿಕೆಟ್‌ಗಳನ್ನು ಮಾತ್ರ ಕೈಬಿಡಿ.

ಸಿಕ್ಕ ದಿನಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ಉದಾಹರಣೆಗೆ: 1, 1, 2, 2, 2, 3, 3, 3, 4, 4, 4, 5, 5, 6, 6, 7, 9, 12, 18, 27. ಸರಾಸರಿ 6.2. ಆದರೆ ಆರು ದಿನ ಎಂದು ಮಾತು ಕೊಟ್ಟರೆ ನಾಲ್ಕರಲ್ಲಿ ಒಂದು ತಡವಾಗುತ್ತದೆ. 17ನೆಯ ಅಂಕಿ ನೋಡಿ: 9. ಇಪ್ಪತ್ತರಲ್ಲಿ ಹದಿನೇಳು, ಅಂದರೆ 85%, ಒಂಬತ್ತು ದಿನದೊಳಗೆ ಮುಗಿದಿವೆ. "ಕೈಗೆತ್ತಿಕೊಂಡ ಮೇಲೆ ಒಂಬತ್ತು ದಿನ, ನೂರಕ್ಕೆ ಎಂಬತ್ತೈದರಷ್ಟು ಖಾತ್ರಿ" ಎನ್ನಿ. ಖಾತ್ರಿಯ ಪ್ರಮಾಣ ಬಿಟ್ಟು ಬರೀ ದಿನ ಹೇಳಿದರೆ ಅದೇ ಡೆಡ್‌ಲೈನ್ ಆಗಿ ಕೂರುತ್ತದೆ.

ದಿನ ಇಳಿಸಬೇಕಾದರೆ ಓವರ್‌ಟೈಮ್‌ಗಿಂತ ಮೊದಲು ಒಟ್ಟಿಗೆ ತೆರೆದಿಟ್ಟ ಕೆಲಸ ಎಣಿಸಿ. ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ, ನಡೆಯುತ್ತಿರುವ ಟಿಕೆಟ್ 12, ದಿನಕ್ಕೆ ಮುಗಿಯುವುದು 2 ಆದರೆ ಸರಾಸರಿ 6 ದಿನ. ಮುಗಿಯುವ ವೇಗ ಹಾಗೇ ಇದ್ದು ತೆರೆದದ್ದು 8ಕ್ಕೆ ಇಳಿದರೆ 4 ದಿನ. ಸಾಮಾನ್ಯವಾಗಿ ಹೆಚ್ಚು ಕೊಳೆಯುವುದು ಕೋಡ್ ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವ) ಕಾಲಮ್‌ನಲ್ಲಿ. ಅದಕ್ಕೆ ಮಿತಿ ಹಾಕಿ, ಉದಾಹರಣೆಗೆ ಮೂರು. ತುಂಬಿದರೆ ಯಾರೂ ಹೊಸ ಟಿಕೆಟ್ ಎತ್ತುವಂತಿಲ್ಲ, ಮೊದಲು ರಿವ್ಯೂ.

ಸ್ಟ್ಯಾಂಡಪ್‌ನಲ್ಲಿ, ಅಂದರೆ ದಿನದ ಕಿರು ಸಭೆಯಲ್ಲಿ, "ನಿನ್ನೆ ಏನು ಮಾಡಿದ್ರಿ" ಎನ್ನುವ ಬದಲು ಬೋರ್ಡನ್ನು ಬಲದಿಂದ ಎಡಕ್ಕೆ, ಅಂದರೆ ಮುಗಿಯಲು ಹತ್ತಿರವಿರುವ ಟಿಕೆಟ್‌ನಿಂದ, ನೋಡುತ್ತಾ ಬನ್ನಿ. ಆರು ದಿನ ದಾಟಿದ ಟಿಕೆಟ್ ಕಂಡರೆ ಒಂಬತ್ತರವರೆಗೆ ಕಾಯದೆ ಅಂದೇ ಇನ್ನೊಬ್ಬರನ್ನು ಜೊತೆಗೆ ಕೂರಿಸಿ, ಇಲ್ಲವೇ ಅದನ್ನು ಎರಡಾಗಿ ಒಡೆಯಿರಿ.